ಚೋಮನಿಗೆ ಫೈಟೂ ಇಲ್ಲ, ಡ್ಯುಯೆಟ್ಟೂ ಇಲ್ಲ!

ಪುಸ್ತಕ ಮೇಲೋ, ಸಿನಿಮಾ ಮೇಲೋ? ‘ಚೋಮನ ದುಡಿ’ಯ ಮಟ್ಟಿಗೆ ಈ ಜಗಳಕ್ಕೆ ನಾನು ರೆಡಿ! ಶಿವರಾಮ ಕಾರಂತರ ಕಾದಂಬರಿ 1933ರದ್ದು, ಬಿ. ವಿ. ಕಾರಂತರ ಚಿತ್ರ 1975ರದ್ದು. ಒಂದೇ ವಾರದಲ್ಲಿ ಎರಡನ್ನೂ ಮುಗಿಸಿದ್ದೇನೆ.

ಕಥೆ ನಮ್ಮ ಕಡೆಯದ್ದೇ ಮಾರಾಯ್ರೇ. ಚೋಮನಲ್ಲಿ ಜೋಡಿ ಎತ್ತುಗಳಿವೆ, ಉಳಲು ತುಂಡು ಗದ್ದೆಯಿಲ್ಲ. ಮುಟ್ಟಬಾರದ ಜಾತಿಯವನಿಗೆ ಬೇಸಾಯವೇ ಅಂತ ಊರು ಮೂಗು ಮುರಿಯುತ್ತದೆ.

ವಾಸುದೇವ ರಾಯರ ಚೋಮನನ್ನು ನೋಡಿ. ಅವನ ಸಿಟ್ಟು, ಸಂಕಟ ಎಲ್ಲಾ ದುಡಿಯ ಮೇಲೆ! ಪುಸ್ತಕದಲ್ಲಿ ಆ ಸದ್ದನ್ನು ನಾವೇ ಊಹಿಸಬೇಕು, ತೆರೆಯ ಮೇಲೆ ಅದು ಎದೆಗೇ ಬಡಿಯುತ್ತದೆ. ಅವರಿಗೆ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿ, ಚಿತ್ರಕ್ಕೆ ಸ್ವರ್ಣಕಮಲ ಸುಮ್ಮನೆ ಬಂದದ್ದಲ್ಲ.

ಆದರೆ ನೀಲ ನೀರಿನಲ್ಲಿ ಮುಳುಗುವ ಭಾಗ ಓದಿಯೇ ನೋಡಬೇಕು. ದಡದಲ್ಲಿ ಜನ ಇದ್ದಾರೆ, ಹುಡುಗನನ್ನು ಮುಟ್ಟುವವರಿಲ್ಲ. ಬಜಪೆಯಿಂದ ಹೊರಟ ನನ್ನ ಬಸ್ಸು ಆಗ ಮರವೂರು ಸೇತುವೆ ಮೇಲಿತ್ತು, ಕೆಳಗೆ ಫಲ್ಗುಣಿ. ಕಾವೂರು ದಾಟಿದರೂ ಪುಟ ತಿರುಗಿಸಲಾಗಲಿಲ್ಲ.

ಬೆಳ್ಳಿಯ ವಿಷಯದಲ್ಲೂ ನನ್ನ ಓಟು ಪುಸ್ತಕಕ್ಕೆ. ಅಪ್ಪನ ಸಾಲ ತೀರಿಸಲು ತೋಟಕ್ಕೆ ಹೋಗಿ ಮನ್ವೇಲನ ಕೈಗೆ ಸಿಕ್ಕವಳ ತಳಮಳ ಅಲ್ಲಿ ನಿಧಾನಕ್ಕೆ ಬಿಚ್ಚಿಕೊಳ್ಳುತ್ತದೆ. ಪದ್ಮಾ ಕುಮಟಾ ಚೆನ್ನಾಗಿಯೇ ಮಾಡಿದ್ದಾರೆ, ಸಂಶಯವಿಲ್ಲ. ಕ್ಯಾಮರಾಕ್ಕೆ ಮಾತ್ರ ಚೋಮನ ಮೇಲೇ ಪ್ರೀತಿ ಜಾಸ್ತಿ! ಮಿತ್ರರೇ, ಬಣ್ಣವಿಲ್ಲ, ಫೈಟಿಲ್ಲ ಅಂತ ಅರ್ಧಕ್ಕೇ ಏಳಬೇಡಿ. ಕೊನೆಯ ದುಡಿ ಕೇಳಿಯೇ ಏಳಿ.