ಎರಡಾಣೆಯ ಬ್ಯಾಂಕಿನಿಂದ ದಿಲ್ಲಿಯ ಸಂಪುಟಕ್ಕೆ: ತೋನ್ಸೆ ಅನಂತ ಪೈ ಮತ್ತು ಅವರ ಮನೆತನ

ದಿನಕ್ಕೆ ಎರಡಾಣೆ ಉಳಿಸಬಲ್ಲವರಿಗೂ ಬ್ಯಾಂಕಿನಲ್ಲಿ ಖಾತೆ ಇರಬೇಕೆಂದು 1928ರಲ್ಲಿ ಉಡುಪಿಯ ಪುಟ್ಟ ಬ್ಯಾಂಕೊಂದು ತೀರ್ಮಾನಿಸಿತು. ಮೀನು ಮಾರುವ ಹೆಂಗಸು, ಮಗ್ಗದ ಮುಂದೆ ಕೂತ ನೇಕಾರ, ಗೂಡಂಗಡಿಯವನು ಎರಡಾಣೆ ಕಟ್ಟಲು ದಿನದ ದುಡಿಮೆ ಬಿಟ್ಟು ಬರುವುದುಂಟೆ? ಹಾಗಾಗಿ ಬ್ಯಾಂಕೇ ದಿನವೂ ಅವರ ಬಾಗಿಲಿಗೆ ಹೋಯಿತು. ಕೈಯಲ್ಲಿ ಕಾರ್ಡು, ಹೆಗಲಲ್ಲಿ ಚೀಲ ಹಿಡಿದು ಮನೆಯಿಂದ ಮನೆಗೆ ನಡೆಯುವ ಪಿಗ್ಮಿ ಕಲೆಕ್ಟರ್ ಕರಾವಳಿಯ ಕೇರಿಗಳಿಗೆ ಅಂಚೆಯವನಷ್ಟೇ ಪರಿಚಿತನಾದ. ಪಿಗ್ಮಿ ಠೇವಣಿ ಎಂಬ ಈ ಯೋಜನೆ ದೇಶದ ಬೇರೆ ಬ್ಯಾಂಕುಗಳಿಗೂ ಸಹಕಾರ ಸಂಘಗಳಿಗೂ ಹಬ್ಬಿ ಇವತ್ತಿಗೂ ಬೇರೆ ಬೇರೆ ರೂಪದಲ್ಲಿ ನಡೆಯುತ್ತಿದೆ.

ಆ ಬ್ಯಾಂಕಿನ ಹೆಸರು ಕೆನರಾ ಇಂಡಸ್ಟ್ರಿಯಲ್ ಆ್ಯಂಡ್ ಬ್ಯಾಂಕಿಂಗ್ ಸಿಂಡಿಕೇಟ್. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದಾದದ್ದು ಇದೇ. ಅದರ ಸ್ಥಾಪಕರಲ್ಲಿ ಒಬ್ಬರಾದ ಉಪೇಂದ್ರ ಅನಂತ ಪೈಗಳ ಮಗ ತೋನ್ಸೆ ಅನಂತ ಪೈ. ಜನರ ಬಾಯಲ್ಲಿ ಟಿ.ಎ. ಪೈ. ಈ ಬ್ಯಾಂಕಿನ ಕುರ್ಚಿಯಿಂದ ಎದ್ದು ಹೋಗಿ ಆಹಾರ ನಿಗಮ, ಜೀವವಿಮಾ ನಿಗಮ, ರೈಲ್ವೆ, ಉಕ್ಕು, ಕೈಗಾರಿಕೆ ಎಂದು ದಿಲ್ಲಿಯ ದೊಡ್ಡ ದೊಡ್ಡ ಹೊಣೆಗಳನ್ನು ಹೊತ್ತವರು. ಇಂದಿನ ಓದುಗರಿಗೆ ಆ ಹೆಸರು ಮಣಿಪಾಲದ ಒಂದು ಮ್ಯಾನೇಜ್‌ಮೆಂಟ್ ಕಾಲೇಜಿನ ಫಲಕದಲ್ಲಷ್ಟೇ ಕಾಣುತ್ತದೆ. ಅವರು ಅದಕ್ಕಿಂತ ಹೆಚ್ಚಿನ ನೆನಪಿಗೆ ಅರ್ಹರು.

ಮೊದಲು ಮನೆತನದ ಮಾತು. ತೋನ್ಸೆ, ಕಲ್ಯಾಣಪುರದ ಬಳಿ ಸ್ವರ್ಣಾ ನದಿ ಸಮುದ್ರ ಸೇರುವ ಕಡೆಯ ಊರು. ಅಲ್ಲಿಂದ ಬಂದ ಕೊಂಕಣಿ ಮಾತಿನ ಪೈ ಕುಟುಂಬ ಉಡುಪಿಯ ಸುತ್ತ ವ್ಯಾಪಾರದಲ್ಲಿ ಬೇರೂರಿತ್ತು. ಉಪೇಂದ್ರ ಪೈ ವ್ಯಾಪಾರದ ಮನುಷ್ಯ. ಅವರ ತಮ್ಮ ಟಿ.ಎಂ.ಎ. ಪೈ, 1898ರಲ್ಲಿ ಹುಟ್ಟಿದವರು, ಮದ್ರಾಸಿನಲ್ಲಿ ವೈದ್ಯಕೀಯ ಓದಿ ಊರಿಗೆ ಮರಳಿದ ಡಾಕ್ಟರು. 1920ರ ದಶಕದಲ್ಲಿ ಕರಾವಳಿಯ ಕೈಮಗ್ಗಗಳು ನೆಲಕಚ್ಚಿದ್ದವು. ನೇಕಾರರಿಗೆ ನೂಲು ಕೊಳ್ಳಲು ಕಾಸಿಲ್ಲ, ಸಾಲ ಕೊಡುವವರಿಲ್ಲ. ಅಣ್ಣ ತಮ್ಮಂದಿರು ಇಂಜಿನಿಯರ್ ವಾಮನ ಶ್ರೀನಿವಾಸ ಕುಡ್ವರನ್ನು ಜೊತೆಗೂಡಿಸಿಕೊಂಡು 1925ರಲ್ಲಿ ಎಂಟು ಸಾವಿರ ರೂಪಾಯಿ ಬಂಡವಾಳದಿಂದ, ಒಬ್ಬನೇ ಒಬ್ಬ ನೌಕರನನ್ನು ಇಟ್ಟುಕೊಂಡು ಬ್ಯಾಂಕು ತೆರೆದರು. ಒಬ್ಬ ವ್ಯಾಪಾರಿ, ಒಬ್ಬ ವೈದ್ಯ, ಒಬ್ಬ ಇಂಜಿನಿಯರ್: ಬ್ಯಾಂಕಿಂಗ್ ಓದಿದವರು ಯಾರೂ ಇರಲಿಲ್ಲ. ಬಡವನ ಉಳಿತಾಯವನ್ನು ಬಂಡವಾಳವೆಂದು ಅವರು ಕಂಡದ್ದು ಪ್ರಾಯಶಃ ಇದರಿಂದಲೇ.

ಅವಿಭಜಿತ ದಕ್ಷಿಣ ಕನ್ನಡದಲ್ಲಿ ಆ ಕಾಲಕ್ಕೆ ಬ್ಯಾಂಕು ತೆರೆಯುವುದು ಹೊಸದೇನಲ್ಲ. ಕೆನರಾ ಬ್ಯಾಂಕು, ಕಾರ್ಪೊರೇಷನ್ ಬ್ಯಾಂಕು ಎರಡೂ 1906ರಲ್ಲೇ ಹುಟ್ಟಿದ್ದವು. ಕರ್ಣಾಟಕ ಬ್ಯಾಂಕು 1924ರದು. ವಿಜಯಾ ಬ್ಯಾಂಕು 1931ರದು. ದೊಡ್ಡ ಕಾರ್ಖಾನೆಯಾಗಲಿ ಗಣಿಯಾಗಲಿ ಇಲ್ಲದ ಈ ಜಿಲ್ಲೆಯಲ್ಲಿ ಹಂಚು, ಅಡಿಕೆ, ಮೀನು, ಹೋಟೆಲಿನ ದುಡಿಮೆಯಿಂದ ಸಣ್ಣ ಸಣ್ಣ ಕೈಗಳಲ್ಲಿ ಹಣ ಓಡಾಡುತ್ತಿತ್ತು. ಅದನ್ನು ಒಂದೆಡೆ ಸೇರಿಸುವ ವಿದ್ಯೆ ಇಲ್ಲಿಯವರಿಗೆ ಸಿದ್ಧಿಸಿತ್ತು.

ಅನಂತ ಪೈ ಹುಟ್ಟಿದ್ದು 1922ರ ಜನವರಿಯಲ್ಲಿ. ಬ್ಯಾಂಕಿಗಿಂತ ಮೂರು ವರ್ಷಕ್ಕೆ ದೊಡ್ಡವರು. ಇಬ್ಬರೂ ಒಂದೇ ಮನೆಯಲ್ಲಿ ಬೆಳೆದ ಅಣ್ಣ ತಮ್ಮಂದಿರಂತೆ. ಬೊಂಬಾಯಿಯ ಸಿಡೆನ್‌ಹ್ಯಾಂ ಕಾಲೇಜಿನಲ್ಲಿ ವಾಣಿಜ್ಯ ಓದಿ 1940ರ ದಶಕದ ಆರಂಭದಲ್ಲಿ ಬ್ಯಾಂಕಿನ ಆಡಳಿತಕ್ಕೆ ಬಂದರು. ಆಗ ಅವರಿಗೆ ಇಪ್ಪತ್ತರ ಆಸುಪಾಸು. ಮನೆಯ ಬ್ಯಾಂಕು, ಹಾಗಾಗಿ ಕುರ್ಚಿ ಸಿಕ್ಕಿತು ಎನ್ನುವುದು ನಿಜ. ಆ ಕುರ್ಚಿಯಲ್ಲಿ ಕೂತು ಅವರು ಮಾಡಿದ್ದನ್ನು ನೋಡಿದರೆ ಮನೆತನದ ಮಾತು ಹಿಂದೆ ಸರಿಯುತ್ತದೆ.

ಪಿಗ್ಮಿಯ ಲೆಕ್ಕಾಚಾರ ಮೇಲ್ನೋಟಕ್ಕೆ ನಷ್ಟದ ದಾರಿ. ಎರಡಾಣೆ ತರಲು ಒಬ್ಬನನ್ನು ಮನೆ ಮನೆಗೆ ಕಳಿಸಬೇಕು, ಅವನಿಗೆ ಕಮಿಷನ್ ಕೊಡಬೇಕು, ದಿನವೂ ಬರೆದಿಡಬೇಕು. ಆದರೆ ಹೀಗೆ ಬಂದ ಹಣ ದೊಡ್ಡ ಠೇವಣಿದಾರನ ಹಣದ ಹಾಗೆ ಒಂದು ಬೆಳಿಗ್ಗೆ ಒಟ್ಟಿಗೆ ಎದ್ದು ಹೋಗುವುದಿಲ್ಲ. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ: ಯಾವ ಮನೆಯವರು ಮಳೆಗಾಲದಲ್ಲೂ ತಪ್ಪದೆ ಕಟ್ಟುತ್ತಾರೆ, ಯಾರ ವ್ಯಾಪಾರ ಏರುತ್ತಿದೆ, ಯಾರು ಕಷ್ಟದಲ್ಲಿದ್ದಾರೆ ಎಂಬುದು ಬ್ಯಾಂಕಿಗೆ ದಿನದಿನವೂ ತಿಳಿಯುತ್ತದೆ. ಅಡವಿಡಲು ಚಿನ್ನವಿಲ್ಲದವನಿಗೂ ಸಾಲ ಕೊಡುವ ಧೈರ್ಯ ಈ ತಿಳಿವಳಿಕೆಯಿಂದ ಬರುತ್ತದೆ.

ಟಿ.ಎ. ಪೈ ಇದನ್ನು ಹೊಲದವರೆಗೆ ಒಯ್ದರು. ವಾಣಿಜ್ಯ ಬ್ಯಾಂಕುಗಳು ರೈತನನ್ನು ದೂರವಿಟ್ಟ ಕಾಲ ಅದು. ಮಳೆ ಬಂದರೆ ಬೆಳೆ, ಬೆಳೆ ಬಂದರೆ ಸಾಲ ವಾಪಸು. ಇಷ್ಟು ಅನಿಶ್ಚಿತವಾದ ವ್ಯವಹಾರ ತಮಗೆ ಬೇಡವೆಂದು ನಗರದ ಬ್ಯಾಂಕುಗಳು ಸಹಕಾರ ಸಂಘಗಳತ್ತ ಕೈ ತೋರಿಸುತ್ತಿದ್ದವು. ಸಿಂಡಿಕೇಟ್ ಬ್ಯಾಂಕು ಕೃಷಿ ಪದವೀಧರರನ್ನು ಕೆಲಸಕ್ಕೆ ತೆಗೆದುಕೊಂಡಿತು. ಅವರು ಗದ್ದೆಯ ಬದುವಿನ ಮೇಲೆ ನಿಂತು ಪಂಪ್‌ಸೆಟ್ಟಿಗೆ ಎಷ್ಟು ಬೇಕು, ಬಾವಿ ಎಷ್ಟು ಆಳ, ಬೀಜ ಯಾವುದು ಎಂದು ವಿಚಾರಿಸಿ ಸಾಲಕ್ಕೆ ಶಿಫಾರಸು ಮಾಡಿದರು. 1960ರ ದಶಕದಲ್ಲೇ ಬೆಂಗಳೂರಿನ ಶೇಷಾದ್ರಿಪುರದಲ್ಲಿ ಹೆಂಗಸರೇ ನಡೆಸುವ ಶಾಖೆಯನ್ನೂ ಬ್ಯಾಂಕು ತೆರೆದಿತ್ತು. ಕರಾವಳಿಯ ಎಷ್ಟೋ ಮನೆಗಳಿಂದ ಮೊದಲ ಬಾರಿಗೆ ಸಂಬಳಕ್ಕೆ ಹೊರಟವರು ಈ ಬ್ಯಾಂಕಿನ ಗುಮಾಸ್ತರಾಗಿಯೇ ಹೊರಟರು. ಘಟ್ಟ ಹತ್ತಿ, ಭಾಷೆ ಬಾರದ ಊರುಗಳಲ್ಲಿ ಶಾಖೆ ನಡೆಸಿದ ಆ ತಲೆಮಾರಿನ ಕಥೆಯನ್ನು ಯಾರಾದರೂ ಕೂತು ಬರೆಯಬೇಕು.

ಬ್ಯಾಂಕಿನ ಪ್ರಧಾನ ಕಚೇರಿ ಉಡುಪಿಯಿಂದ ಮಣಿಪಾಲದ ಗುಡ್ಡಕ್ಕೆ ಬಂದದ್ದೂ ಆ ದಶಕದಲ್ಲೇ. ಅಷ್ಟರಲ್ಲಿ ಚಿಕ್ಕಪ್ಪ ಟಿ.ಎಂ.ಎ. ಪೈ ಆ ಬೋಳು ಗುಡ್ಡದ ಚಹರೆಯನ್ನೇ ಬದಲಿಸಿದ್ದರು. 1942ರಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಷನ್, 1949ರಲ್ಲಿ ಉಡುಪಿಗೆ ಎಂ.ಜಿ.ಎಂ. ಕಾಲೇಜು, 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು, 1957ರಲ್ಲಿ ಇಂಜಿನಿಯರಿಂಗ್ ಕಾಲೇಜು. ಸರ್ಕಾರವಲ್ಲದೆ ಇನ್ಯಾರೂ ಮೆಡಿಕಲ್ ಕಾಲೇಜು ನಡೆಸಲಾರರು ಎಂಬ ನಂಬಿಕೆಯ ಕಾಲದಲ್ಲಿ, ವಿದ್ಯಾರ್ಥಿಗಳ ಹಣದಿಂದಲೇ ಕಾಲೇಜು ಕಟ್ಟಿ, ರೋಗಿಗಳಿಗಾಗಿ ಮಂಗಳೂರಿನ ವೆನ್ಲಾಕ್ ಮತ್ತು ಲೇಡಿ ಗೋಷನ್ ಸರ್ಕಾರಿ ಆಸ್ಪತ್ರೆಗಳ ಜೊತೆ ಒಪ್ಪಂದ ಮಾಡಿಕೊಂಡರು. ಹಣ ಕಟ್ಟಬಲ್ಲವರಿಗೆ ಸೀಟು ಎಂಬ ಪದ್ಧತಿಗೆ ಇಲ್ಲಿಂದಲೇ ದಾರಿಯಾಯಿತು ಎಂಬ ಟೀಕೆ ಅಂದಿನಿಂದ ಇದೆ, ಅದನ್ನು ತಳ್ಳಿಹಾಕುವಂತಿಲ್ಲ. ಖಾಸಗಿ ಶಿಕ್ಷಣ ಸಂಸ್ಥೆಗಳ ಹಕ್ಕಿನ ಬಗ್ಗೆ ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳ ಪೀಠ 2002ರಲ್ಲಿ ಕೊಟ್ಟ ತೀರ್ಪು ಟಿ.ಎಂ.ಎ. ಪೈ ಪ್ರತಿಷ್ಠಾನದ ಹೆಸರಿನಲ್ಲೇ ಇದೆ. ಆ ವಾದ ಇನ್ನೂ ಮುಗಿದಿಲ್ಲ. ಕುಟುಂಬದ ಮುಂದಿನವರು ಶಿಕ್ಷಣದ ಜೊತೆ ಪತ್ರಿಕೋದ್ಯಮಕ್ಕೂ ಕೈಹಾಕಿದರು. 1970ರಲ್ಲಿ ‘ಉದಯವಾಣಿ’ ಹೊರಬಂದದ್ದು ಇದೇ ಮಣಿಪಾಲದಿಂದ.

ದಿಲ್ಲಿ ಟಿ.ಎ. ಪೈಗಳನ್ನು ಮೊದಲು ಕರೆದದ್ದು ಅನ್ನದ ವಿಷಯಕ್ಕೆ. 1965ರ ಜನವರಿಯಲ್ಲಿ ಭಾರತೀಯ ಆಹಾರ ನಿಗಮ ಹುಟ್ಟಿದಾಗ ಅದರ ಮೊದಲ ಅಧ್ಯಕ್ಷರಾದರು. ಹಡಗಿನಲ್ಲಿ ಬರುವ ಗೋಧಿಯ ಮೇಲೆ ದೇಶ ಬದುಕುತ್ತಿದ್ದ ದಿನಗಳವು. ನಿಗಮದ ಕಚೇರಿ ಆಗ ಮದ್ರಾಸಿನಲ್ಲಿ, ಮೊದಲ ಜಿಲ್ಲಾ ಕಚೇರಿ ಭತ್ತದ ಕಣಜವಾದ ತಂಜಾವೂರಿನಲ್ಲಿ. ರೈತನಿಂದ ಧಾನ್ಯ ಕೊಂಡು, ಕೂಡಿಟ್ಟು, ಕೊರತೆಯ ಕಡೆಗೆ ಸಾಗಿಸುವ ಈ ಏರ್ಪಾಡಿಗೆ ಮೊದಲ ರೂಪ ಕೊಡುವ ಕೆಲಸ ಒಬ್ಬ ಬ್ಯಾಂಕರನ ಪಾಲಿಗೆ ಬಂತು.

1969ರ ಜುಲೈ 19ರಂದು 14 ಬ್ಯಾಂಕುಗಳ ರಾಷ್ಟ್ರೀಕರಣವಾಯಿತು. ಐವತ್ತು ಕೋಟಿಗೂ ಮೀರಿದ ಠೇವಣಿಯ ಆ ಪಟ್ಟಿಯಲ್ಲಿ ಎಂಟು ಸಾವಿರದಿಂದ ಆರಂಭವಾದ ಸಿಂಡಿಕೇಟ್ ಬ್ಯಾಂಕೂ ಇತ್ತು. ಒಂದೇ ರಾತ್ರಿಯಲ್ಲಿ ಬ್ಯಾಂಕು ಮನೆತನದ ಕೈಬಿಟ್ಟಿತು. ಸುಗ್ರೀವಾಜ್ಞೆಯ ಪ್ರಕಾರ ಅಧ್ಯಕ್ಷರಾಗಿದ್ದವರೇ ಕಸ್ಟೋಡಿಯನ್‌ಗಳಾದರು, ಟಿ.ಎ. ಪೈ ಸ್ವಲ್ಪ ಕಾಲ ಆ ಹೊಣೆ ನಿಭಾಯಿಸಿ, 1970ರಲ್ಲಿ ಜೀವವಿಮಾ ನಿಗಮದ ಅಧ್ಯಕ್ಷರಾಗಿ ಹೊರಟರು. ಗ್ರಾಮೀಣ ಜನರ ಬಳಿಗೆ ಬ್ಯಾಂಕು ಹೋಗಲಿ ಎಂದು ಸರ್ಕಾರ ರಾಷ್ಟ್ರೀಕರಣಕ್ಕೆ ಕೊಟ್ಟ ಕಾರಣವನ್ನು ಈ ಬ್ಯಾಂಕು ಅದಕ್ಕೆ ಮೊದಲೇ ಮಾಡಿ ತೋರಿಸಿತ್ತು. ದೇಶದ ಮೊದಲ ಗ್ರಾಮೀಣ ಬ್ಯಾಂಕು, ‘ಪ್ರಥಮಾ’, 1975ರ ಗಾಂಧಿ ಜಯಂತಿಯಂದು ಉತ್ತರ ಪ್ರದೇಶದ ಮೊರಾದಾಬಾದಿನಲ್ಲಿ ತೆರೆದಾಗ ಅದರ ಪ್ರಾಯೋಜಕತ್ವ ಸಿಂಡಿಕೇಟ್ ಬ್ಯಾಂಕಿನದು.

1972 ಮನೆತನಕ್ಕೆ ದೊಡ್ಡ ವರ್ಷ. ಚಿಕ್ಕಪ್ಪನಿಗೆ ಪದ್ಮಶ್ರೀ, ಅಣ್ಣನ ಮಗನಿಗೆ ಪದ್ಮಭೂಷಣ. ಅದೇ ವರ್ಷ ಟಿ.ಎ. ಪೈ ರಾಜ್ಯಸಭೆಗೆ ಹೋದರು. ಜುಲೈಯಲ್ಲಿ ಕೆಂಗಲ್ ಹನುಮಂತಯ್ಯನವರು ಬಿಟ್ಟ ರೈಲ್ವೆ ಖಾತೆ ಇನ್ನೊಬ್ಬ ಕನ್ನಡಿಗರಾದ ಇವರ ಕೈಸೇರಿತು. ಆರೇಳು ತಿಂಗಳಷ್ಟೇ. ಆಮೇಲೆ ಭಾರೀ ಕೈಗಾರಿಕೆ. ಮೋಹನ್ ಕುಮಾರಮಂಗಲಂ ವಿಮಾನ ಅಪಘಾತದಲ್ಲಿ ತೀರಿಕೊಂಡ ಮೇಲೆ ಉಕ್ಕು ಮತ್ತು ಗಣಿ. 1974ರಿಂದ ಕೈಗಾರಿಕೆ ಮತ್ತು ನಾಗರಿಕ ಪೂರೈಕೆ.

ಅವರ ಸಾರ್ವಜನಿಕ ಬದುಕಿನ ಅತಿ ಕಠಿಣ ಅಧ್ಯಾಯ 1975ರದು. ಪ್ರಧಾನಿಯ ಮಗನ ಮಾರುತಿ ಕಾರು ಕಂಪನಿಯ ಬಗ್ಗೆ ಸಂಸತ್ತಿನಲ್ಲಿ ಪ್ರಶ್ನೆ ಬಂತು. ಉತ್ತರ ಕೊಡಬೇಕಾದ ಇಲಾಖೆ ಪೈಗಳದು. ಉತ್ತರಕ್ಕೆ ಮಾಹಿತಿ ಕಲೆಹಾಕಲು ಹೊರಟ ನಾಲ್ವರು ಅಧಿಕಾರಿಗಳ ಮೇಲೆ ಸಿ.ಬಿ.ಐ. ಬಿದ್ದಿತು, ಮನೆಗಳ ತಪಾಸಣೆಯಾಯಿತು, ಮೊಕದ್ದಮೆಗಳಾದವು. ಇಂದಿರಾ ಗಾಂಧಿಯವರು ತಮ್ಮನ್ನು ಕರೆಸಿದ್ದನ್ನೂ ಅವರ ಸಿಟ್ಟನ್ನೂ ಪೈ ಮುಂದೆ ಷಾ ಆಯೋಗದ ಎದುರು ಹೇಳಿದರು. ತನ್ನ ಕೆಲಸ ಮಾಡಿದ್ದಕ್ಕೆ ಅಧಿಕಾರಿ ಶಿಕ್ಷೆ ಅನುಭವಿಸಿದ್ದು ಅವರ ಸಾಕ್ಷ್ಯದಿಂದಾಗಿ ದಾಖಲೆಗೆ ಸೇರಿತು.

ಆದರೆ ಆ ಮಾತು ಬಂದದ್ದು ಸರ್ಕಾರ ಬಿದ್ದ ಮೇಲೆ. ತುರ್ತು ಪರಿಸ್ಥಿತಿಯ ಇಡೀ ಅವಧಿಯಲ್ಲಿ ಅವರು ಸಂಪುಟದಲ್ಲೇ ಇದ್ದರು. ಅಂದೇ ರಾಜೀನಾಮೆ ಕೊಟ್ಟು ಹೊರಬಂದಿದ್ದರೆ ಇಂದು ಅವರ ಹೆಸರು ಬೇರೆಯೇ ಎತ್ತರದಲ್ಲಿರುತ್ತಿತ್ತು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಹಾಗೆಂದು ತಡವಾಗಿ ಆಡಿದ ಸತ್ಯದ ತೂಕ ಕಡಿಮೆಯಾಗದು. ಅದೇ ಸಂಪುಟದ ಕೆಲವರು ಏನೂ ನೆನಪಿಲ್ಲವೆಂದು ಕೈತೊಳೆದುಕೊಳ್ಳಬಹುದಾಗಿದ್ದ ಹೊತ್ತಿನಲ್ಲಿ ಪೈ ತಮ್ಮ ಕೈಕೆಳಗಿನ ನೌಕರರ ಪರವಾಗಿ ನಿಂತರು.

1977ರಲ್ಲಿ ಉತ್ತರ ಭಾರತದಲ್ಲಿ ಕಾಂಗ್ರೆಸ್ ಕೊಚ್ಚಿಹೋದಾಗ ಕರ್ನಾಟಕ ಆ ಪಕ್ಷದ ಕೈಹಿಡಿಯಿತು, ಉಡುಪಿಯಿಂದ ಟಿ.ಎ. ಪೈ ಲೋಕಸಭೆಗೆ ಗೆದ್ದರು. ಪಕ್ಷ ಒಡೆದಾಗ ಅವರು ಇಂದಿರಾ ಅವರ ಜೊತೆ ಹೋಗಲಿಲ್ಲ. 1979ರ ಜುಲೈಯಲ್ಲಿ ಚರಣ್ ಸಿಂಗ್ ಸರ್ಕಾರದಲ್ಲಿ ಮತ್ತೊಮ್ಮೆ ರೈಲ್ವೆ ಮಂತ್ರಿಯಾದರು. ಸಂಸತ್ತನ್ನು ಒಮ್ಮೆಯೂ ಎದುರಿಸದ ಆ ಸರ್ಕಾರ 1980ರ ಜನವರಿಯಲ್ಲಿ ಮುಗಿಯಿತು. ಇಂದಿರಾ ಮರಳಿದರು, ಉಡುಪಿ ಆಸ್ಕರ್ ಫರ್ನಾಂಡಿಸರನ್ನು ಆರಿಸಿ ಕಳಿಸಿತು. ಮಣಿಪಾಲಕ್ಕೆ ಎಲ್ಲವನ್ನೂ ತಂದ ಚಿಕ್ಕಪ್ಪ 1979ರಲ್ಲೇ ಕಣ್ಮುಚ್ಚಿದ್ದರು.

ಅಧಿಕಾರ ಕಳೆದ ಅದೇ 1980ರಲ್ಲಿ ಪೈ ಮಣಿಪಾಲದಲ್ಲಿ ಮ್ಯಾನೇಜ್‌ಮೆಂಟ್ ಶಿಕ್ಷಣ ಸಂಸ್ಥೆಯೊಂದನ್ನು ಆರಂಭಿಸಿದರು. ಮ್ಯಾನೇಜ್‌ಮೆಂಟ್ ಎಂದರೆ ಅಹಮದಾಬಾದ್, ಕಲ್ಕತ್ತಾ, ಬೆಂಗಳೂರು ಎನ್ನುತ್ತಿದ್ದ ಕಾಲವದು. ಬ್ಯಾಂಕು, ನಿಗಮ, ಸರ್ಕಾರ ಮೂರನ್ನೂ ಒಳಗಿನಿಂದ ಕಂಡವರು ಕೊನೆಗೆ ಕೈಹಾಕಿದ್ದು ಆಡಳಿತ ಬಲ್ಲವರನ್ನು ತಯಾರುಮಾಡುವ ಕೆಲಸಕ್ಕೆ. ಅದು ಬೆಳೆಯುವುದನ್ನು ನೋಡಲು ಆಯುಸ್ಸು ಸಾಲಲಿಲ್ಲ. 1981ರಲ್ಲಿ, ಅರವತ್ತು ತುಂಬುವ ಮೊದಲೇ ತೀರಿಕೊಂಡರು. ಸಂಸ್ಥೆಗೆ ಆಮೇಲೆ ಅವರದೇ ಹೆಸರಿಟ್ಟರು. ಅವರು ಬೆಳೆಸಿದ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಅದರ ಖಾತೆದಾರರು ಈಗ ಮಂಗಳೂರಿನಲ್ಲಿ 1906ರಲ್ಲಿ ಹುಟ್ಟಿದ ಆ ಹಿರಿಯ ಬ್ಯಾಂಕಿನ ಖಾತೆದಾರರು.