ನಾಲ್ಕು ಗಂಟೆಯ ಒಲೆ

ಮಲಾವಿಯ ಹಳ್ಳಿ. ಬೆಳಗಿನ ಜಾವ ನಾಲ್ಕು ಗಂಟೆ. ಕೋಳಿ ಇನ್ನೂ ಕೂಗಿಲ್ಲ, ಸರ್ಕಾರಿ ಪ್ರಾಥಮಿಕ ಶಾಲೆಯ ಹಿಂದಿನ ಅಡುಗೆಮನೆಯಲ್ಲಿ ಆಗಲೇ ಸೌದೆ ಚಟಪಟ ಎನ್ನುತ್ತಿದೆ. ಕೈಪಂಪು ಒತ್ತಿ, ಬಕೆಟ್ಟನ್ನು ತಲೆಯ ಮೇಲೆ ಹೊತ್ತು ತಂದ ನೀರನ್ನು ಹೆಂಗಸರು ಹಂಡೆಗೆ ಸುರಿಯುತ್ತಿದ್ದಾರೆ. ಎಲ್ಲರ ಸೊಂಟದಲ್ಲೂ ಚಿತೆಂಜೆ: ದೊಡ್ಡ ದೊಡ್ಡ ಚಿತ್ತಾರದ ಹತ್ತಿ ಬಟ್ಟೆ. ಉಟ್ಟರೆ ಲಂಗ, ಸುತ್ತಿದರೆ ತಲೆವಸ್ತ್ರ, ಬೆನ್ನಿಗೆ ಬಿಗಿದರೆ ಕೂಸಿನ ಜೋಲಿ. ಅಂಥದ್ದೊಂದು ಜೋಲಿಯಲ್ಲಿ ಮಗು ಹೊಗೆಗೆ ಸೀನುತ್ತದೆ, ಮತ್ತೆ ನಿದ್ದೆಗೆ ಜಾರುತ್ತದೆ.

ಹಂಡೆಯ ಸುತ್ತ ಇಟ್ಟಿಗೆ ಕಟ್ಟಿದ ಒಲೆ ಇದು. ಬೆಂಕಿ ಆಚೀಚೆ ಚೆಲ್ಲುವುದಿಲ್ಲ, ಸೌದೆ ಉಳಿಯುತ್ತದೆ. ಕಾಡು ಬೋಳಾಗುತ್ತಿರುವ ದೇಶದಲ್ಲಿ ಸೌದೆ ಉಳಿಸುವುದು ಸಣ್ಣ ಮಾತಲ್ಲ. ನೀರು ಕುದಿ ಹಿಡಿದೊಡನೆ ಒಬ್ಬಾಕೆ ತಣ್ಣೀರಿನಲ್ಲಿ ಕದಡಿಟ್ಟ ಹಿಟ್ಟನ್ನು ಹುಯ್ಯುತ್ತಾಳೆ, ಇನ್ನಿಬ್ಬರು ದೋಣಿಯ ಹುಟ್ಟಿನಷ್ಟು ಉದ್ದದ ಮರದ ಸೌಟು ಹಿಡಿದು ತಿರುವುತ್ತಾರೆ. ಗಂಟಾದರೆ ಕೆಟ್ಟಿತು, ತಳ ಹಿಡಿದರೆ ಇನ್ನೂ ಕೆಟ್ಟಿತು. ಹಂಡೆ ಮಾತ್ರ ಒಂದಲ್ಲ, ಹಲವು. ತೋಳು ಸೋತವಳ ಕೈಯಿಂದ ಪಕ್ಕದವಳು ಮಾತಿಲ್ಲದೆ ಸೌಟು ತೆಗೆದುಕೊಳ್ಳುತ್ತಾಳೆ. ನಡುನಡುವೆ ಒಬ್ಬಳು ಹಾಡು ಎತ್ತುತ್ತಾಳೆ, ಮಿಕ್ಕವರು ದನಿಗೂಡಿಸುತ್ತಾರೆ. ಬೇಯುತ್ತಿರುವುದು ಲಿಕುನಿ ಫಾಲ: ಮೆಕ್ಕೆಜೋಳ ಮತ್ತು ಸೋಯಾ ಹಿಟ್ಟಿಗೆ ಸಕ್ಕರೆ, ಜೀವಸತ್ವ, ಖನಿಜಾಂಶ ಬೆರೆಸಿದ ಗಂಜಿ.

ಈ ಹಿಟ್ಟಿನ ಹಿಂದಿನ ಕಥೆ ಸ್ಕಾಟ್ಲೆಂಡಿನ ಡಾಲ್ಮಲಿ ಎಂಬ ಪುಟ್ಟ ಊರಿನದು. 1992ರಲ್ಲಿ ಮೀನು ಸಾಕಣೆ ಕೇಂದ್ರದಲ್ಲಿ ಕೆಲಸಕ್ಕಿದ್ದ ಮ್ಯಾಗ್ನಸ್ ಮ್ಯಾಕ್‌ಫರ್ಲೇನ್-ಬ್ಯಾರೋ ಸೋದರನ ಜೊತೆ ಸೇರಿ, ಯುದ್ಧದಲ್ಲಿ ಬೇಯುತ್ತಿದ್ದ ಬೋಸ್ನಿಯಾಕ್ಕೆ ಕಂಬಳಿ, ಆಹಾರ ತುಂಬಿಕೊಂಡು ಹೋದರು. ಒಂದು ವಾರದ ರಜೆಯ ಕೆಲಸವೆಂದುಕೊಂಡಿದ್ದರು. ಹಿಂದಿರುಗಿ ಬಂದಾಗ ಮನೆಯ ಶೆಡ್ಡಿನ ತುಂಬ ಜನ ತಂದು ಸುರಿದ ಸಾಮಾನು! ಉದ್ಯೋಗ ಬಿಟ್ಟರು. 2002ರಲ್ಲಿ ಬರಗಾಲದ ಮಲಾವಿಯಲ್ಲಿ ಏಡ್ಸ್‌ನಿಂದ ಸಾಯುತ್ತಿದ್ದ ಒಬ್ಬ ತಾಯಿಯ ಗುಡಿಸಲಿಗೆ ಹೋದಾಗ, ಆಕೆಯ ಆರು ಮಕ್ಕಳಲ್ಲಿ ಹಿರಿಯವನನ್ನು ನಿನಗೇನು ಆಸೆ ಎಂದು ಕೇಳಿದರಂತೆ. ಹೊಟ್ಟೆ ತುಂಬ ಊಟ, ಒಂದಲ್ಲ ಒಂದು ದಿನ ಶಾಲೆ ಎಂದನಂತೆ ಹುಡುಗ. ಎರಡನ್ನೂ ಒಂದೇ ಜಾಗದಲ್ಲಿ ಕೊಡುವ ಯೋಚನೆಯಿಂದ ಹುಟ್ಟಿದ್ದು ‘ಮೇರೀಸ್ ಮೀಲ್ಸ್’. ಸುಮಾರು 200 ಮಕ್ಕಳಿಂದ ಶುರುವಾದ ಊಟ ಇಂದು ಹಲವು ದೇಶಗಳಲ್ಲಿ 20 ಲಕ್ಷ ಮಕ್ಕಳನ್ನು ದಾಟಿದೆ. ಕರ್ನಾಟಕದ ಈಶಾನ್ಯ ಜಿಲ್ಲೆಗಳ ಶಾಲೆಗಳಲ್ಲಿ ಅಕ್ಷರ ದಾಸೋಹದ ಬಿಸಿಯೂಟ ಶುರುವಾದದ್ದೂ ಅದೇ 2002ರಲ್ಲಿ. ನಮ್ಮಲ್ಲಿ ಸರ್ಕಾರ ಒಲೆ ಹಚ್ಚಿತು, ಅಲ್ಲಿ ದಾನಿಗಳು.

ಬೆಳಕು ಹರಿಯುತ್ತಿದ್ದಂತೆ ಕೆಂಪು ಮಣ್ಣಿನ ದಾರಿಗಳಲ್ಲಿ ಮಕ್ಕಳು ಕಾಣಿಸಿಕೊಳ್ಳುತ್ತಾರೆ. ಹೆಚ್ಚಿನವರದು ಬರಿಗಾಲು. ಸಾಲು ಅಡುಗೆಮನೆಯಿಂದ ಮಾವಿನ ಮರದವರೆಗೂ ಬೆಳೆಯುತ್ತದೆ. ಮೊದಲು ಕೈ ತೊಳೆಯಬೇಕು, ಆಮೇಲೆ ಬಣ್ಣದ ಪ್ಲಾಸ್ಟಿಕ್ ಮಗ್ ಚಾಚಬೇಕು. ಹೊಗೆಯಾಡುವ ಗಂಜಿಯನ್ನು ಊದಿ ಊದಿ ಕುಡಿದ ಮೇಲೆ ಬೆರಳು ಮಗ್ಗಿನ ತಳ ಬಳಿಯುತ್ತದೆ. ಕೆಲವರು ಅರ್ಧ ಕುಡಿದು ಸುಮ್ಮನೆ ನಿಲ್ಲುತ್ತಾರೆ; ಉಳಿದದ್ದು ಮನೆಯಲ್ಲಿರುವ ತಂಗಿಗೆ.

ಜನವರಿ, ಫೆಬ್ರುವರಿಯಲ್ಲಿ ಈ ಸಾಲನ್ನು ನೋಡಬೇಕು. ಹೊಲದಲ್ಲಿ ಮೆಕ್ಕೆಜೋಳ ಹಸಿರಾಗಿ ತೂಗುತ್ತಿರುತ್ತದೆ, ಕಣಜ ಮಾತ್ರ ಬರಿದು. ಕೊಯ್ಲು ಏಪ್ರಿಲ್ಲಿಗೆ. ಆ ತಿಂಗಳುಗಳಲ್ಲಿ ದೊಡ್ಡವರ ಜೊತೆ ಮಕ್ಕಳೂ ಗನ್ಯು ಎಂಬ ದಿನಗೂಲಿಗೆ ಹೋಗುವುದುಂಟು. ಮಲಾವಿಯಲ್ಲಿ 1994ರಲ್ಲೇ ಪ್ರಾಥಮಿಕ ಶಿಕ್ಷಣ ಉಚಿತವಾಯಿತು, ತರಗತಿಗಳು ತುಂಬಿ ಮರದ ನೆರಳಿಗೂ ಪಾಠ ಹರಿಯಿತು. ಶುಲ್ಕವನ್ನೇನೋ ಸರ್ಕಾರ ಮನ್ನಾ ಮಾಡಿತು. ಹಸಿವನ್ನು ಮನ್ನಾ ಮಾಡುವುದು ಅದರ ಕೈಯಲ್ಲಿರಲಿಲ್ಲ.

ಪರದೇಶದ ಬಡ ಮಕ್ಕಳ ಸೇವೆ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಬೆನ್ನುಚೀಲ ಹಾಕಿದ ಬಿಳಿಯ ಯುವಕ, ಅವನ ತೊಡೆಯ ಮೇಲೊಂದು ಕಪ್ಪು ಕೂಸು, ಎದುರಿಗೊಂದು ಕ್ಯಾಮೆರಾ. ನನಗೆ ಆ ಚಿತ್ರದ ಮೇಲೆ ಅಷ್ಟೇನೂ ಪ್ರೀತಿಯಿಲ್ಲ. ಹಾಗೆಂದು ದೂರದವರ ಸೇವೆಯೆಲ್ಲ ತೋರಿಕೆ ಎನ್ನಲಾಗದು. ಮೇರೀಸ್ ಮೀಲ್ಸ್ ಮೂಲಕ ಈ ಮಕ್ಕಳಿಗೆಂದು ಬ್ರಿಟನ್ನಿನ ಶಾಲೆ, ಚರ್ಚುಗಳ ಜನ ವರ್ಷಗಟ್ಟಲೆ ಹಳೆಯ ಸ್ಕೂಲ್‌ಬ್ಯಾಗುಗಳಿಗೆ ನೋಟ್‌ಬುಕ್, ಪೆನ್ಸಿಲ್, ಸೋಪು, ಟೂತ್‌ಬ್ರಶ್, ಚಪ್ಪಲಿ, ಒಂದು ಚಮಚ ತುಂಬಿ ಹಡಗಿಗೆ ಹಾಕಿದ್ದಾರೆ, ಯಾವ ಮಗುವಿನ ಮುಖವನ್ನೂ ನೋಡದೆ.

ಆದರೆ ಈ ವ್ಯವಸ್ಥೆಯ ಬೆನ್ನೆಲುಬು ಒಲೆಯ ಮುಂದಿನ ಹೆಂಗಸರೇ. ಮಲಾವಿಯೊಂದರಲ್ಲೇ ಇಂಥ ಸ್ವಯಂಸೇವಕರು ಹತ್ತಾರು ಸಾವಿರ: ತಾಯಿ, ಅಜ್ಜಿ, ಅಲ್ಲಲ್ಲಿ ಅಪ್ಪಂದಿರೂ. ಸರದಿ ಬಂದ ದಿನ ಅಡುಗೆ, ಮರುದಿನ ಹೊಲ. ಸಂಬಳವಿಲ್ಲ. ನಮ್ಮ ಬಿಸಿಯೂಟದ ಅಕ್ಕಂದಿರು ಗೌರವಧನ ಸಾಲದೆಂದು ಬೆಂಗಳೂರಿಗೆ ಬಂದು ಧರಣಿ ಕೂರುತ್ತಾರೆ, ಕೂರಲೇಬೇಕು. ಅಲ್ಲಿಯವರಿಗೆ ಕೇಳಲು ಗೌರವಧನವೂ ಇಲ್ಲ, ಧರಣಿ ಕೂರಲು ಎದುರಿಗೆ ಸರ್ಕಾರವೂ ಇಲ್ಲ.

ಗಂಟೆ ಬಾರಿಸುತ್ತದೆ, ಅಂಗಳ ಖಾಲಿಯಾಗುತ್ತದೆ. ಹೆಂಗಸರು ಹಂಡೆಗಳನ್ನು ಬೋರಲು ಹಾಕಿ, ಮರಳು ಸೇರಿಸಿ ತಿಕ್ಕುತ್ತಾರೆ. ಉಳಿದ ಹಿಟ್ಟಿನ ಚೀಲ ಎಣಿಸಿ ಉಗ್ರಾಣಕ್ಕೆ ಬೀಗ ಹಾಕಿದ ಮೇಲೆ ಇಂದಿನ ಸರದಿ ಮುಗಿಯಿತು.

ಒಂದು ಮಗುವಿಗೆ ವರ್ಷವಿಡೀ ಹೀಗೆ ಉಣಿಸಲು ತಗಲುವ ಖರ್ಚು 20 ಪೌಂಡಿನ ಆಸುಪಾಸು. ಇಷ್ಟು ಅಗ್ಗಕ್ಕೆ ಹೇಗೆ ಸಾಧ್ಯವಾಯಿತೆಂದು ಕೇಳುವವರಿಗೆ ಉತ್ತರ ಸರಳ: ಆ 20 ಪೌಂಡಿನಲ್ಲಿ ಅಡುಗೆಯವರ ಕೂಲಿ ಸೇರಿಲ್ಲ.