ದಾಳಿಂಬೆಯ ಕೊಳೆ: ರೋಗವನ್ನು ಗುರುತಿಸುವ ಬಗೆ

ರಬಕವಿ, ಬನಹಟ್ಟಿ, ಜಮಖಂಡಿಗಳ ಸುತ್ತಣ ನೆಲದಲ್ಲಿ ಕಬ್ಬಿನೊಡನೆ ದಾಳಿಂಬೆಯ ತೋಟಗಳೂ ಇವೆ. ಬಲಿಯುತ್ತಿರುವ ಕಾಯಿಯ ಮೇಲೆ ಕರಿಯ ಕಲೆಯೊಂದು ಮೂಡಿತೆಂದರೆ ರೈತನ ವರ್ಷದ ದುಡಿಮೆಯೇ ಅಪಾಯಕ್ಕೆ ಸಿಲುಕಿದಂತೆ. ಆತುರದಲ್ಲಿ ಕೈಗೆ ಸಿಕ್ಕ ಔಷಧವನ್ನು ಸಿಂಪಡಿಸುವವರು ಹಲವರು. ಆದರೆ ಕಲೆಗಳೆಲ್ಲ ಒಂದೇ ರೋಗದ ಗುರುತುಗಳಲ್ಲ. ಅವುಗಳ ಭೇದವನ್ನು ನಾವು ಇಲ್ಲಿ ವಿಚಾರಿಸೋಣ.

ಹಣ್ಣನ್ನು ಕೊಳೆಯಿಸುವ ಜೀವಿಗಳಲ್ಲಿ ಶಿಲೀಂಧ್ರಗಳು ಮುಖ್ಯವಾದವು. ಹಳಸಿದ ರೊಟ್ಟಿಯ ಮೇಲಣ ಬೂಷ್ಟು ಇವುಗಳ ಬಳಗಕ್ಕೆ ಸೇರಿದುದು. ಇವು ನೂಲಿನಂತಹ ಎಳೆಗಳಾಗಿ ಹಬ್ಬಿ, ಧೂಳಿನಷ್ಟು ಸಣ್ಣ ಬೀಜಕಗಳಿಂದ ವಂಶವನ್ನು ಬೆಳೆಸುತ್ತವೆ. ಕೊಲೆಟೊಟ್ರೈಕಮ್ ಎಂಬ ಶಿಲೀಂಧ್ರದಿಂದ ಚಿಬ್ಬುರೋಗ ಬರುತ್ತದೆ. ಅದರ ಕಲೆಗಳು ಕಪ್ಪಾಗಿ ಒಳಕ್ಕೆ ಕುಸಿದಿರುತ್ತವೆ. ಆಲ್ಟರ್ನೇರಿಯ ಎಂಬುದು ಹೂವಿನ ಕಾಲದಲ್ಲಿಯೇ ಒಳಹೊಕ್ಕು ಕಾಳುಗಳನ್ನು ಕರಿದಾಗಿಸಿ ಕೊಳೆಯಿಸುತ್ತದೆ. ಸಿಪ್ಪೆ ಮಾತ್ರ ನಿರ್ದೋಷವಾಗಿಯೇ ತೋರುತ್ತದೆ. ಆದುದರಿಂದ ಬಣ್ಣ ತುಸು ಮಾಸಿದ, ಗಾತ್ರಕ್ಕೆ ತಕ್ಕ ತೂಕವಿಲ್ಲದ ಹಣ್ಣನ್ನು ಶಂಕಿಸಿ ಹೆಚ್ಚಿ ನೋಡಬೇಕು.

ಶಿಲೀಂಧ್ರರೋಗವೆಂದೇ ಭ್ರಮೆ ಹುಟ್ಟಿಸುವ ಇನ್ನೊಂದು ರೋಗ ದುಂಡಾಣು ಅಂಗಮಾರಿ. ಇದಕ್ಕೆ ಕಾರಣವಾದ ಜಾಂಥೊಮೊನಾಸ್ ಒಂದು ಬ್ಯಾಕ್ಟೀರಿಯ. ಭಾರತದಲ್ಲಿ 1952ರಲ್ಲಿ ದೆಹಲಿಯಿಂದ ಮೊದಲು ವರದಿಯಾದ ಈ ರೋಗವು ಈ ಶತಮಾನದ ಮೊದಲ ದಶಕದಲ್ಲಿ ಬಾಗಲಕೋಟೆಯ ಸೀಮೆಯ ತೋಟಗಳನ್ನು ಹಾಳುಗೆಡವಿತು. ಎಲೆಯ ಮೇಲೆ ಎಣ್ಣೆ ಹತ್ತಿದಂತಹ ಚುಕ್ಕೆಗಳು, ಕಾಯಿಯ ಕಲೆಯಲ್ಲಿ ಕವಲೊಡೆದ ಬಿರುಕುಗಳು ಇದರ ಕುರುಹು. ಕಾರ್ಬೆಂಡೆಜಿಮ್‌ನಂತಹ ಶಿಲೀಂಧ್ರನಾಶಕವು ಇದನ್ನು ತಡೆಯಲಾರದು. ಹಣ ವ್ಯರ್ಥವಾಗುವುದಲ್ಲದೆ, ಅಷ್ಟರಲ್ಲಿ ಮಳೆಹನಿಯ ಸಿಡಿತದಿಂದಲೂ ರೆಂಬೆ ಸವರುವ ಕತ್ತರಿಯಿಂದಲೂ ರೋಗ ತೋಟವನ್ನೆಲ್ಲ ವ್ಯಾಪಿಸುತ್ತದೆ.

ಕಣ್ಣಿಗೆ ಸಂದೇಹವುಳಿದಾಗ ಪರೀಕ್ಷೆಯೇ ದಾರಿ. ಕಲೆಯ ನಡುವಣ ಕೊಳೆತ ಭಾಗವು ಇದಕ್ಕೆ ಯೋಗ್ಯವಲ್ಲ. ಆಸ್ಪರ್ಜಿಲ್ಲಸ್ ಮೊದಲಾದ ಬೂಷ್ಟುಗಳು ತಡವಾಗಿ ಬಂದು ಅಲ್ಲಿ ನೆಲೆಸಿರುತ್ತವೆ. ರೋಗ ಹತ್ತಿದ ಮತ್ತು ಹತ್ತದ ಭಾಗಗಳು ಕೂಡುವ ಅಂಚಿನಿಂದ ಚೂರನ್ನು ಕತ್ತರಿಸಿ ತೊಳೆದು, ಒದ್ದೆ ಕಾಗದ ಹಾಸಿದ ಡಬ್ಬಿಯಲ್ಲಿ ಮುಚ್ಚಿ ಕೆಲವು ದಿನ ಇಟ್ಟರೆ ಶಿಲೀಂಧ್ರವು ಬೆಳೆದು ಬೀಜಕಗಳನ್ನು ಬಿಡುತ್ತದೆ. ಸೂಕ್ಷ್ಮದರ್ಶಕದಲ್ಲಿ ಇಟ್ಟಿಗೆಯ ಗೋಡೆಯಂತೆ ಅಡ್ಡಗೆರೆ, ಉದ್ದಗೆರೆಗಳುಳ್ಳ ಕಂದು ಬೀಜಕಗಳು ಕಂಡರೆ ಅದು ಆಲ್ಟರ್ನೇರಿಯ. ಅಂತಹದೇ ಹಸಿ ಚೂರನ್ನು ನೀರಿನ ಹನಿಯಲ್ಲಿಟ್ಟು ನೋಡುವಾಗ ಅಂಚಿನಿಂದ ಹೊಗೆಯಂತೆ ಮಸುಕಾದ ಧಾರೆ ಹೊರಟರೆ ಅದು ಬ್ಯಾಕ್ಟೀರಿಯ.

ಬಾಗಲಕೋಟೆಯಲ್ಲಿ 2008ರಲ್ಲಿ ಸ್ಥಾಪಿತವಾದ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲಿ ಇಂತಹ ರೋಗಗಳನ್ನು ಬಲ್ಲ ತಜ್ಞರಿದ್ದಾರೆ. ಅವರಲ್ಲಿಗೆ ಒಯ್ಯುವ ಕಾಯಿಯನ್ನು ಕಾಗದದಲ್ಲಿ ಸುತ್ತಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಅದು ಬೆವತು ಮತ್ತಷ್ಟು ಕೊಳೆಯುತ್ತದೆ. ಔಷಧದ ಅಂಗಡಿಗೆ ಹೋಗುವುದು ಈ ಪರೀಕ್ಷೆಯಾದ ಮೇಲಿನ ಮಾತು.